ಜೂನ್ ಒಂದರ ಬೆಳಗ್ಗೆ, ಒಂದನೇ ಕ್ಲಾಸಿನಲ್ಲಿ

ಈ ಜೂನ್‌ನಲ್ಲಿ ಏಳನೇ ಕ್ಲಾಸಿಗೆ ಹೋಗುವವರು ಯಾರೆಲ್ಲ? ನಿಮಗೊಂದು ಪ್ರಶ್ನೆ. ನಿಮ್ಮ ಒಂದನೇ ಕ್ಲಾಸಿನ ಮೊದಲ ದಿನ ನೆನಪುಂಟಾ?

ಇಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ನೀವು ಒಂದನೇ ಕ್ಲಾಸಿಗೆ ಸೇರಿದ್ದು 2020ರ ಜೂನ್‌ನಲ್ಲಿ. ಆ ವರ್ಷ ಮಳೆಗಾಲ ಕೇರಳಕ್ಕೆ ಜೂನ್ 1ಕ್ಕೇ ಸರಿಯಾಗಿ ಬಂತು. ಶಾಲೆಯ ಗೇಟು ಮಾತ್ರ ತೆರೆಯಲಿಲ್ಲ. ಕೊರೋನ. 'ಫಸ್ಟ್ ಬೆಲ್' ಎಂಬ ಹೆಸರಲ್ಲಿ ಪಾಠ ಶುರುವಾದದ್ದು ಟಿವಿಯಲ್ಲಿ, ಮೊಬೈಲಿನಲ್ಲಿ. ಕೊನೆಗೆ 2021ರ ನವೆಂಬರ್ 1ಕ್ಕೆ ಶಾಲೆ ತೆರೆದಾಗ ನೀವಾಗಲೇ ಎರಡನೇ ಕ್ಲಾಸು. ಮುಖಕ್ಕೆ ಮಾಸ್ಕು, ಕೈಗೆ ಸ್ಯಾನಿಟೈಸರು, ಪಕ್ಕದವರನ್ನು ಮುಟ್ಟಬಾರದು. ಒಂದನೇ ಕ್ಲಾಸಿನ ಕೋಣೆಯಲ್ಲಿ ಒಂದು ದಿನವೂ ಕೂರದೆ ಮುಂದೆ ಹೋದ ಬ್ಯಾಚು ನಿಮ್ಮದು.

ಆ ಬ್ಯಾಚು ಈಗ ಯು.ಪಿ. ಶಾಲೆಯಲ್ಲಿ ಎಲ್ಲರಿಗಿಂತ ದೊಡ್ಡವರ ಜಾಗಕ್ಕೆ ಬಂದಿದೆ. ಹಾಗಾಗಿ ನಿಮ್ಮ ಹತ್ತಿರ ಒಂದು ಕೆಲಸ ಕೇಳುತ್ತೇನೆ. ಈ ಸಲ ನಿಮ್ಮ ಶಾಲೆಯ ಒಂದನೇ ಕ್ಲಾಸಿನ ಮೊದಲ ದಿನದ ಯೋಜನೆಗೆ ನೀವೂ ಕೈ ಹಾಕಬೇಕು. ಸುಮ್ಮನೆ ತೋರಣ ಕಟ್ಟಲಿಕ್ಕೆ ಅಲ್ಲ, ಅಳೆಯಲಿಕ್ಕೆ, ಪರೀಕ್ಷಿಸಲಿಕ್ಕೆ. ಇದು ವಿಜ್ಞಾನದ ಪತ್ರಿಕೆ ತಾನೆ!

ಪ್ರವೇಶೋತ್ಸವದ ತಯಾರಿ ಟೀಚರ್‌ಗಳು ಮೇ ಕೊನೆಗೆ ಹೇಗೂ ಮಾಡುತ್ತಾರೆ. ಬಣ್ಣದ ಕಾಗದ, ಬೆಲೂನು, ಪಾಯಸ, ವೇದಿಕೆ, ಅತಿಥಿಗಳು. ಅತಿಥಿಗಳ ಭಾಷಣ ಉದ್ದವಾಗುತ್ತದೆ ಎಂಬುದು ನನ್ನ ಹಳೆಯ ದೂರು, ಅದನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳುವುದು ಮೈಕು ಬಂದ್ ಆದ ಮೇಲಿನ ಹೊತ್ತಿನ ವಿಷಯ. ಅಪ್ಪ ಅಮ್ಮ ಗೇಟಿನ ಹತ್ತಿರ ನಿಂತಿದ್ದಾರೆ, ಮಗು ಒಳಗೆ ಬೆಂಚಿನ ಮೇಲೆ ಒಂದೇ ಕೂತಿದೆ, ಹೊರಗೆ ಮಳೆ ಹೊಡೆಯುತ್ತಿದೆ. ಆಗ ಏನಾಗುತ್ತದೆ?

ನನ್ನ ಕ್ಲಾಸಿನಲ್ಲಿ ಒಮ್ಮೆ ಏನಾಯಿತು ಎಂದು ಹೇಳುತ್ತೇನೆ. ಕೆಲವು ವರ್ಷ ಹಿಂದಿನ ಮಾತು. ಜೂನ್‌ನ ಮೊದಲ ದಿನ. ನಾನು ಎಲ್ಲರ ಎದುರು ನಿಂತು, "ಒಂದಕ್ಕೆ ಹೋಗುವವರಿದ್ದರೆ ಕೈ ಎತ್ತಿ ಮಕ್ಕಳೇ" ಎಂದೆ. ಯಾರೂ ಎತ್ತಲಿಲ್ಲ. ನಾನು ಸಮಾಧಾನದಿಂದ ಹಾಡು ಹೇಳಿಕೊಡಲಿಕ್ಕೆ ಶುರುಮಾಡಿದೆ. ಅರ್ಧ ಗಂಟೆಯಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಅಳತೊಡಗಿದಳು. ಬೆಂಚಿನ ಕೆಳಗೆ ನೀರು. ಅವಳ ಮನೆ ಮಾತು ತುಳು. 'ಒಂದಕ್ಕೆ' ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ; ಗೊತ್ತಿರಬೇಕಾದ ಕಾರಣವೂ ಇಲ್ಲ. ಆ ಪದ ಶಾಲೆಯಲ್ಲಿ ಹುಟ್ಟಿದ್ದು, ಶಾಲೆಯಲ್ಲಿ ಮಾತ್ರ ಬದುಕುವುದು. ಮನೆಯಲ್ಲಿ ಕನ್ನಡವೇ ಆಡುವ ಮಗುವಿಗೂ ಅದು ಗೊತ್ತಿಲ್ಲದೆ ಇರಬಹುದು. ಪಾಪ, ಆ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಅಜ್ಜಿ ಕೈಹಿಡಿದು ಕರೆದುಕೊಂಡು ಬಂದರು. ಆ ದಿನದ ಯೋಜನೆ ನನ್ನ ಡೈರಿಯಲ್ಲಿ ಎರಡು ಪುಟ ಇತ್ತು. ಈ ಒಂದು ವಿಷಯ ಅದರಲ್ಲಿ ಇರಲಿಲ್ಲ.

ಐದಾರು ವರ್ಷದ ಮಗುವಿನ ಮೂತ್ರಕೋಶದಲ್ಲಿ ಹಿಡಿಯುವುದು ಸುಮಾರು 200 ಮಿಲಿಲೀಟರು. ಮನೆಯಲ್ಲಿ ಚಾ ಕುಡಿಯುವ ದೊಡ್ಡ ಲೋಟದಷ್ಟು. ದೊಡ್ಡವರದ್ದು ಅದರ ಎರಡು ಪಾಲಿಗಿಂತಲೂ ಹೆಚ್ಚು. ಮಳೆಗಾಲದಲ್ಲಿ ಬೆವರು ಕಡಿಮೆ, ಹಾಗಾಗಿ ದೇಹದ ಹೆಚ್ಚಿನ ನೀರು ಮೂತ್ರವಾಗಿಯೇ ಹೋಗಬೇಕು. ಜೊತೆಗೆ ಭಯ. ಲೆಕ್ಕ ಹಾಕಿದರೆ ಬೆಳಗ್ಗೆ ಮನೆಯಿಂದ ಹೊರಟ ಮಗು ವೇದಿಕೆಯ ಕಾರ್ಯಕ್ರಮ ಮುಗಿಯುವವರೆಗೆ ತಡೆದುಕೊಳ್ಳುವುದೇ ಕಷ್ಟ.

ಹಾಗಾದರೆ ನಿಮ್ಮ ಮೊದಲ ಕೆಲಸ ಇದು. ರಜೆಯಲ್ಲೇ ಒಂದು ದಿನ, ಟೀಚರ್ ಹತ್ತಿರ ಕೇಳಿ, ಶಾಲೆಗೆ ಹೋಗಿ. ಟೇಪು ತೆಗೆದುಕೊಂಡು ಹೋಗಿ. ಮನೆಯಲ್ಲಿ ಐದಾರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅವರೇ ನಿಮ್ಮ ಉಪಕರಣ. ಈ ವಯಸ್ಸಿನ ಮಕ್ಕಳ ಎತ್ತರ ಸಾಮಾನ್ಯವಾಗಿ 105ರಿಂದ 115 ಸೆಂಟಿಮೀಟರಿನ ಆಸುಪಾಸು. ಶೌಚಾಲಯದ ಬಾಗಿಲಿನ ಚಿಲಕ ಅವರ ಕೈಗೆ ಸಿಗುತ್ತದಾ? ಸಿಕ್ಕಿದರೂ ಒಳಗಿನಿಂದ ಹಾಕಿದ್ದನ್ನು ತೆಗೆಯಲಿಕ್ಕೆ ಬರುತ್ತದಾ? ನಳ್ಳಿ ತಿರುಗಿಸಲು ಬೆರಳಿನ ಬಲ ಸಾಕಾ? ನಾವು ದೊಡ್ಡವರು ಇದನ್ನು ಯಾವತ್ತೂ ಯೋಚಿಸುವುದಿಲ್ಲ, ಯಾಕೆಂದರೆ ನಮಗೆ ಚಿಲಕ ಎದೆಯ ಮಟ್ಟದಲ್ಲಿ ಕಾಣುತ್ತದೆ, ಮಗುವಿಗೆ ತಲೆಯ ಮೇಲೆ.

ಆಮೇಲೆ ಒಂದನೇ ಕ್ಲಾಸಿನ ಬೆಂಚು. ಮಗುವನ್ನು ಕೂರಿಸಿ. ಪಾದ ನೆಲಕ್ಕೆ ತಾಗುತ್ತದಾ? ಬಹಳ ಶಾಲೆಗಳಲ್ಲಿ ತಾಗುವುದಿಲ್ಲ, ಯಾಕೆಂದರೆ ಬೆಂಚು ಮಾಡಿಸಿದ್ದು ಎಲ್ಲ ಕ್ಲಾಸಿಗೂ ಒಂದೇ ಅಳತೆಯಲ್ಲಿ. ಕಾಲು ತೂಗಾಡಿದರೆ ಏನು ಮಹಾ ಅಂತ ಅನ್ನಿಸಬಹುದು. ನೀವೇ ಮಾಡಿ ನೋಡಿ: ಪಾದ ನೆಲಕ್ಕೆ ತಾಗದಷ್ಟು ಎತ್ತರದ ಡೆಸ್ಕಿನ ಅಂಚಿನಲ್ಲಿ ಹದಿನೈದು ನಿಮಿಷ ಕೂತುಕೊಳ್ಳಿ, ಕಾಲು ಕೆಳಗೆ ಬಿಡಿ. ಕಾಲಿನ ಭಾರ ಪೂರ್ತಿ ತೊಡೆಯ ಅಡಿಭಾಗದಲ್ಲಿ, ಮರದ ಅಂಚಿನ ಮೇಲೆ ಬೀಳುತ್ತದೆ. ಅಲ್ಲಿನ ನರ, ರಕ್ತನಾಳಗಳು ಒತ್ತಿಕೊಂಡು ಕಾಲು ಜೋಮು ಹಿಡಿಯುತ್ತದೆ. ಆಗ ನೀವು ಸುಮ್ಮನೆ ಕೂರುವುದಿಲ್ಲ. ಅಲುಗಾಡುತ್ತೀರಿ, ಇಳಿಯುತ್ತೀರಿ, ಪಕ್ಕದವನಿಗೆ ಒದೆಯುತ್ತೀರಿ. ಆ ಮಗುವೂ ಅದನ್ನೇ ಮಾಡುತ್ತದೆ, ನಾವು "ಅಲುಗಾಡಬೇಡ" ಎನ್ನುತ್ತೇವೆ. ಮೊಣಕಾಲಿನ ಹಿಂದಿನ ಮಡಿಕೆಯಿಂದ ಪಾದದ ಅಡಿಯವರೆಗೆ ಅಳೆಯಿರಿ, ಬೆಂಚಿನ ಎತ್ತರ ಅಳೆಯಿರಿ, ಕಳೆಯಿರಿ. ಬಂದ ಉತ್ತರದಷ್ಟು ದಪ್ಪದ ಹಲಗೆಯನ್ನೋ ಸಮತಟ್ಟಾದ ಕಲ್ಲನ್ನೋ ಪಾದದ ಕೆಳಗೆ ಇಟ್ಟರೆ ಮುಗಿಯಿತು. ಬೆಂಚು ತುಂಬ ಎತ್ತರವಾದರೆ ಮೊದಲ ವಾರ ಚಾಪೆಯೇ ಒಳ್ಳೆಯದು.

ಬಾವಿ, ಸೊಳ್ಳೆ, ಮಾಡಿನ ಹೆಂಚು ಇವನ್ನೆಲ್ಲ ಶಾಲೆ ತೆರೆಯುವ ಮೊದಲು ನೋಡುವವರು ಬೇರೆ ಇದ್ದಾರೆ. ಒಂದು ಮಾತು ಮಾತ್ರ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ವಾರದಿಂದ ಹತ್ತು ದಿನ ಸಾಕು. ಮೇ 20ಕ್ಕೆ ಅಂಗಳ ಗುಡಿಸಿ, ನಡುವೆ ಎರಡು ಮಳೆ ಬಂದರೆ, ಜೂನ್ 1ಕ್ಕೆ ಹೊಸ ಸೊಳ್ಳೆಗಳೂ ಪ್ರವೇಶೋತ್ಸವಕ್ಕೆ ತಯಾರು. ಆದ್ದರಿಂದ ಗೆರಟೆ, ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ಹೂಕುಂಡದ ತಟ್ಟೆ ಇವುಗಳ ನೀರು ಚೆಲ್ಲುವ ಕೆಲಸ ಹಿಂದಿನ ದಿನ ಮತ್ತೊಮ್ಮೆ ಆಗಬೇಕು.

ಮಳೆಯಲ್ಲಿ ಕಿವಿ

ಈಗ ನನಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದೇ ದಿನ ಶಾಲೆಯೂ ತೆರೆಯುತ್ತದೆ. ಮಳೆ ಪ್ರತಿವರ್ಷ ಅಷ್ಟು ಶಿಸ್ತಿನಿಂದ ಬರುವುದಿಲ್ಲ ಅನ್ನಿ: 2023ರಲ್ಲಿ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. ಆದರೂ ಮೊದಲ ವಾರದಲ್ಲಿ ಕ್ಲಾಸಿನ ಮಾಡಿನ ಮೇಲೆ ಮಳೆಯ ಸದ್ದು ಇರುತ್ತದೆ ಎಂದು ಲೆಕ್ಕ ಹಾಕಿಯೇ ಯೋಜನೆ ಮಾಡಬೇಕು.

ಹೆಂಚಿನ ಮಾಡಾದರೆ ಸದ್ದು ಸ್ವಲ್ಪ ಕಡಿಮೆ. ಹೆಂಚು ದಪ್ಪ, ಭಾರ, ಮತ್ತು ಬಿಡಿಬಿಡಿ ತುಂಡು. ಒಂದು ಹೆಂಚಿನ ಮೇಲೆ ಬಿದ್ದ ಹನಿ ಪಕ್ಕದ ಹೆಂಚನ್ನು ಅಷ್ಟಾಗಿ ಅಲುಗಾಡಿಸುವುದಿಲ್ಲ. ಲೋಹದ ಶೀಟು ಹಾಗಲ್ಲ. ತೆಳ್ಳಗೆ, ಉದ್ದಕ್ಕೆ ಒಂದೇ ತುಂಡು. ಪ್ರತಿ ಹನಿಯೂ ಚೆಂಡೆಯ ಚರ್ಮಕ್ಕೆ ಬಿದ್ದ ಪೆಟ್ಟಿನ ಹಾಗೆ. ಅಂಥ ಕೋಣೆಯಲ್ಲಿ ಟೀಚರ್ ಮಾತಾಡುತ್ತಿದ್ದರೆ ಹಿಂದಿನ ಬೆಂಚಿಗೆ ಎಷ್ಟು ಕೇಳುತ್ತದೆ?

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ತೀವ್ರತೆ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಮುಂದಿನ ಬೆಂಚು ಒಂದೂವರೆ ಮೀಟರ್ ದೂರ, ಹಿಂದಿನದ್ದು ಆರು ಮೀಟರ್ ಎಂದಿಟ್ಟುಕೊಳ್ಳಿ. ದೂರ ನಾಲ್ಕು ಪಟ್ಟು, ತೀವ್ರತೆ ಹದಿನಾರರಲ್ಲಿ ಒಂದು ಪಾಲು. ಕೋಣೆಯೊಳಗೆ ಗೋಡೆಗಳು ಸದ್ದನ್ನು ತಿರುಗಿಸಿ ಕಳಿಸುವುದರಿಂದ ಇಷ್ಟು ಇಳಿಯುವುದಿಲ್ಲ, ಆದರೆ ಇಳಿಯುವುದು ಖಂಡಿತ. ಮಳೆಯ ಸದ್ದು ಮಾತ್ರ ಮುಂದಿನ ಬೆಂಚಿಗೂ ಹಿಂದಿನ ಬೆಂಚಿಗೂ ಹೆಚ್ಚುಕಡಿಮೆ ಒಂದೇ, ಮಾಡು ಎಲ್ಲರ ತಲೆಯ ಮೇಲೂ ಉಂಟಲ್ಲ!

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಜೋರು ಮಳೆ ಬಂದ ಹೊತ್ತಿಗೆ, ಶಾಲೆಯಲ್ಲೋ ಶೀಟು ಹಾಕಿದ ಮನೆಯ ಚಾವಡಿಯಲ್ಲೋ ನಾಲ್ಕು ಜನ ಸೇರಿ. ಒಬ್ಬರು ಎದುರು ನಿಂತು ಹತ್ತು ಪದ ಓದಬೇಕು, ಸಾಮಾನ್ಯ ದನಿಯಲ್ಲಿ, ಕೂಗಬಾರದು. ಉಳಿದವರು ಒಂದೂವರೆ, ಮೂರು, ಆರು ಮೀಟರ್ ದೂರದಲ್ಲಿ ಕೂತು ಕೇಳಿದ್ದನ್ನು ಬರೆಯಬೇಕು. ಬಾಯಿ ನೋಡಿ ಊಹಿಸದ ಹಾಗೆ ಓದುವವರ ಮುಖಕ್ಕೆ ಪುಸ್ತಕ ಅಡ್ಡ ಹಿಡಿಯಲಿ. ಪದಗಳನ್ನು ಜೋಡಿ ಜೋಡಿಯಾಗಿ ಆರಿಸಿ: ಹಾಲು–ಹಾಳು, ಬಲೆ–ಬಳೆ, ಮೊಲ–ಮೊಳ, ಕರಿ–ಗರಿ, ಪಟ್ಟೆ–ಬಟ್ಟೆ. ಓದುವಾಗ ಜೋಡಿಯನ್ನು ಕಲಸಿ ಓದಿ. ಹಿಂದೆ ಹೋದಷ್ಟೂ ಸರಿ ಉತ್ತರ ಕಡಿಮೆಯಾಗುವುದು ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ, ನಿಜವಾದ ಪ್ರಯೋಗ ಮುಂದಿನದ್ದು. ಈಗ ಅರ್ಥವೇ ಇಲ್ಲದ ಹತ್ತು ಪದ ತಯಾರಿಸಿ. ತೊಬಳೆ, ಮಿಗುರ, ಸಾಪಣ, ಲೂದಕ, ಹೀಗೆ ಬಾಯಿಗೆ ಬಂದ ಹಾಗೆ. (ನಮ್ಮ ಊರಿನಲ್ಲಿ ಇದು ಸುಲಭವಲ್ಲ. ನೀವು ಅರ್ಥವಿಲ್ಲ ಎಂದುಕೊಂಡದ್ದು ಪಕ್ಕದ ಮನೆಯ ಭಾಷೆಯಲ್ಲಿ ಚೆನ್ನಾದ ಪದವೇ ಆಗಿರಬಹುದು!) ಅದೇ ಮಳೆ, ಅದೇ ದೂರ, ಅದೇ ದನಿ. ಮತ್ತೆ ಬರೆಸಿ, ಎಣಿಸಿ.

ಈ ಸಲ ಅಂಕ ಇನ್ನೂ ಕೆಳಗೆ ಬೀಳುತ್ತದೆ. ಯಾಕೆ? ಮೊದಲ ಪಟ್ಟಿಯಲ್ಲಿ ನಿಮ್ಮ ಕಿವಿ ಅರ್ಧ ಕೇಳಿದರೂ ಉಳಿದ ಅರ್ಧವನ್ನು ತಲೆ ತುಂಬಿಸಿಕೊಟ್ಟಿತ್ತು. 'ಬ...ಟೆ' ಎಂದು ಕೇಳಿದರೆ, ಗೊತ್ತಿರುವ ಪದಗಳನ್ನು ಒಳಗೇ ಹುಡುಕಿ, 'ಬಟ್ಟೆ' ಎಂದು ನೀವು ಬರೆದಿರಿ. ಎರಡನೇ ಪಟ್ಟಿಗೆ ಹುಡುಕಲು ಒಳಗೆ ಏನೂ ಇಲ್ಲ. ಕೇಳಿದ್ದೇ ಕೇಳಿದ್ದು, ತಪ್ಪಿದ್ದು ತಪ್ಪಿತು. ಮನೆಯಲ್ಲಿ ಬೇರೆ ಭಾಷೆ ಆಡಿ ಮೊದಲ ದಿನ ಕನ್ನಡ ಕ್ಲಾಸಿಗೆ ಬಂದ ಮಗುವಿಗೆ ಟೀಚರ್ ಹೇಳುವ ಎಷ್ಟೋ ಪದಗಳು ಈ ಎರಡನೇ ಪಟ್ಟಿಯ ಪದಗಳೇ. ಅದೂ ಸಾಲದೆ, ಗದ್ದಲದ ನಡುವೆ ಮಾತನ್ನು ಬೇರ್ಪಡಿಸಿ ಕೇಳುವ ಶಕ್ತಿ ಸಣ್ಣ ಮಕ್ಕಳಲ್ಲಿ ಇನ್ನೂ ಬೆಳೆಯುತ್ತಾ ಇರುತ್ತದೆ, ದೊಡ್ಡವರಷ್ಟು ಇರುವುದಿಲ್ಲ. ಅಂಥ ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಶೀಟಿನ ಮೇಲೆ ಮಳೆ ಬರುವಾಗ "ಹೇಳಿದ್ದು ಗೊತ್ತಾಯ್ತಾ?" ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತದೆ. ಎಲ್ಲರೂ ಅಲ್ಲಾಡಿಸುತ್ತಾರಲ್ಲ, ಅದಕ್ಕೆ.

ನಿಮ್ಮ ಈ ಎರಡು ಅಂಕಪಟ್ಟಿಯನ್ನು ಟೀಚರ್‌ಗೆ ತೋರಿಸಿ. ನಾವು ಮೊದಲ ದಿನ ಸಾಲು ಬೆಂಚು ಹಾಕಿ ಎದುರು ನಿಂತು ಮಾತಾಡುವುದೇ ರೂಢಿ. ಬೆಂಚುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಅರ್ಧವೃತ್ತವಾಗಿ ಚಾಪೆಯಲ್ಲಿ ಕೂತರೆ ಹದಿನೈದು ಮಕ್ಕಳಾದರೂ ಟೀಚರ್‌ನಿಂದ ಎರಡು ಮೀಟರಿನೊಳಗೆ ಇರುತ್ತಾರೆ, ಬಾಯಿಯೂ ಕಾಣುತ್ತದೆ. ಮಳೆ ತೀರಾ ಜೋರಾದರೆ ಮಾತು ನಿಲ್ಲಿಸಿ ಕೈಕೆಲಸಕ್ಕೆ ಹೋಗುವುದು. ಮಳೆಯ ಜೊತೆ ಗಂಟಲಿನ ಸ್ಪರ್ಧೆ ಮಾಡಿ ಗೆದ್ದ ಟೀಚರನ್ನು ನಾನಂತೂ ನೋಡಿಲ್ಲ.

ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಲ್ಲಿ ಓದುವವರ ಕೈಗೆ ಈ ಪತ್ರಿಕೆ ಸಿಕ್ಕಿದ್ದರೆ, ನಿಮ್ಮಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ, ಮಳೆಯೂ ಇಷ್ಟಿಲ್ಲ. ನಿಮಗೆ ಶೀಟಿನ ತೊಂದರೆ ಸದ್ದಿನದ್ದಲ್ಲ, ಸೆಕೆಯದ್ದು. ಬೆಳಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 1ಕ್ಕೆ ಮಗು ಕೂರುವ ಎತ್ತರದಲ್ಲಿ ಉಷ್ಣತೆ ಅಳೆದು ನೋಡಿ. ಪದಗಳ ಪರೀಕ್ಷೆಯನ್ನು ರಸ್ತೆಯ ಗದ್ದಲದಲ್ಲಿ ಮಾಡಬಹುದು. ನಿಮ್ಮ ಕ್ಲಾಸಿಗೂ ಮರಾಠಿಯೋ ಉರ್ದುವೋ ಆಡುವ ಮನೆಗಳಿಂದ ಮಕ್ಕಳು ಬರಬಹುದಲ್ಲವೇ?

ಪ ಮತ್ತು ಹ

ಕಾಸರಗೋಡನ್ನು ಭಾಷಣಗಳಲ್ಲಿ ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಕೇಳಲಿಕ್ಕೆ ಚಂದ. ಒಂದನೇ ಕ್ಲಾಸಿನ ಟೀಚರ್‌ಗೆ ಅದು ಹಾಜರಿ ಪುಸ್ತಕ. ತುಳು, ಬ್ಯಾರಿ, ಮಲಯಾಳ, ಹವ್ಯಕ, ಕೊಂಕಣಿ, ಮರಾಟಿ, ಕರಾಡ; ಹದಿನೈದು ಮಕ್ಕಳಲ್ಲಿ ಐದು ಬಗೆಯ ಮನೆ ಮಾತು ಇದ್ದರೆ ಆಶ್ಚರ್ಯವಿಲ್ಲ. ಅಷ್ಟೂ ಭಾಷೆ ಒಬ್ಬ ಟೀಚರ್‌ಗೆ ಬರುವುದಿಲ್ಲ. ಆದರೆ ನಿಮ್ಮ ಏಳನೇ ಕ್ಲಾಸಿನಲ್ಲಿ ಆ ಐದೂ ಭಾಷೆ ಆಡುವವರು ಇರುತ್ತಾರೆ. ಮೊದಲ ದಿನದ ಯೋಜನೆಯಲ್ಲಿ ನೀವು ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಮೇ ಕೊನೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳ ಪಟ್ಟಿ ಟೀಚರ್ ಹತ್ತಿರ ಇರುತ್ತದೆ. ಯಾವ ಮಗುವಿನ ಮನೆಯಲ್ಲಿ ಯಾವ ಮಾತು ಎಂದು ಕೇಳಿ ತಿಳಿಯಿರಿ, ಆ ಮಾತಿನವರೇ ಆದ ಒಬ್ಬ ಅಣ್ಣ ಅಥವಾ ಅಕ್ಕ ಆ ಮಗುವಿಗೆ. ಮೊದಲ ದಿನ ಬೆಳಗ್ಗೆ ಗೇಟಿನಿಂದ ಕೈಹಿಡಿದು ಕರೆದುಕೊಂಡು ಹೋಗಬೇಕು, ಮೊದಲು ಕ್ಲಾಸಿಗಲ್ಲ, ಶೌಚಾಲಯಕ್ಕೆ. ಅಲ್ಲಿ ಮನೆ ಮಾತಿನಲ್ಲೇ ಹೇಳಬೇಕು: ಇದು ಇಲ್ಲಿ, ಚಿಲಕ ಹೀಗೆ, ಬೇಕೆನಿಸಿದಾಗ ಟೀಚರ್‌ಗೆ ಒಂದು ಬೆರಳು ತೋರಿಸು, ಬಾಯಲ್ಲಿ ಹೇಳುವುದೇ ಬೇಡ. ಆಮೇಲೆ ನೀರು ಕುಡಿಯುವ ಜಾಗ. ಆಮೇಲೆ ಚಪ್ಪಲಿ, ಕೊಡೆ ಇಡುವ ಜಾಗ. ಹತ್ತು ನಿಮಿಷದ ಕೆಲಸ. ನನ್ನ ಆ ಎರಡು ಪುಟದ ಯೋಜನೆಗಿಂತ ಇದಕ್ಕೆ ತೂಕ ಹೆಚ್ಚು.

ಇನ್ನು ಪದಗಳು. ಮಗುವಿಗೆ ಕನ್ನಡ ಬರುವುದಿಲ್ಲ ಎಂದು ನಾವು ಬೇಗ ಹೇಳಿಬಿಡುತ್ತೇವೆ. ತುಳು ಮನೆಯ ಹುಡುಗ ಬೆರಳು ಮಡಚಿ ಒಂಜಿ, ರಡ್ಡ್, ಮೂಜಿ, ನಾಲ್, ಐನ್ ಎನ್ನುತ್ತಾನೆ. ಮಲಯಾಳ ಮನೆಯ ಹುಡುಗಿ ಒನ್ನ್, ರಂಡ್, ಮೂನ್ನ್, ನಾಲ್, ಅಂಜ್ ಎನ್ನುತ್ತಾಳೆ. ಇಬ್ಬರಿಗೂ ಐದರವರೆಗೆ ಎಣಿಸಲು ಬರುತ್ತದೆ. ಇಬ್ಬರಿಗೂ ಕನ್ನಡದ ಹೆಸರುಗಳಷ್ಟೇ ಹೊಸತು, ಅದರಲ್ಲೂ 'ನಾಲ್ಕು' ಅಷ್ಟೇನೂ ಹೊಸತಲ್ಲ. ಎಣಿಸಲಿಕ್ಕೆ ಬರುವುದಿಲ್ಲ ಎಂದು ಮೊದಲ ದಿನವೇ ಪುಸ್ತಕದಲ್ಲಿ ಬರೆದುಬಿಟ್ಟರೆ ಅದು ತಪ್ಪು ಅಳತೆ.

ಒಂದು ಕೀಲಿಕೈ ನಿಮ್ಮ ಹತ್ತಿರ ಇರಲಿ. ತುಳುವಿನಲ್ಲಿ ಪಕ್ಕಿ, ಕನ್ನಡದಲ್ಲಿ ಹಕ್ಕಿ. ತುಳುವಿನಲ್ಲಿ ಪಿಲಿ, ಕನ್ನಡದಲ್ಲಿ ಹುಲಿ. ತುಳುವಿನ ಪೂ ಕನ್ನಡದಲ್ಲಿ ಹೂ. ಮಲಯಾಳದ ಪಾಲ್ ಹಾಲು, ಪಲ್ಲ್ ಹಲ್ಲು, ಪಲ್ಲಿ ಹಲ್ಲಿ. ಹತ್ತಕ್ಕೆ ಎರಡರಲ್ಲೂ ಪತ್ತ್. ಏನು ಕಾಣುತ್ತದೆ? ಅಲ್ಲಿ 'ಪ' ಇದ್ದ ಜಾಗದಲ್ಲಿ ಇಲ್ಲಿ 'ಹ'. ಹಳಗನ್ನಡದಲ್ಲಿ ನಮ್ಮದೂ ಪಕ್ಕಿ, ಪುಲಿ, ಪಾಲ್ ಎಂದೇ ಇತ್ತು. ಕಾಲಕ್ರಮದಲ್ಲಿ ಕನ್ನಡ ಮಾತ್ರ ಪದದ ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡಿತು, ತುಳು ಮಲಯಾಳಗಳು ಹಾಗೇ ಉಳಿಸಿಕೊಂಡವು. ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ. ಬೆಕ್ಕಿಗೆ ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಅಲ್ಲಿ ನಿಮ್ಮ ಕೀಲಿಕೈ ತಿರುಗುವುದಿಲ್ಲ. ಮಲಯಾಳದ ಪುಲಿ ಎಂದರೆ ಹುಲಿಯಲ್ಲ, ಚಿರತೆ. ಇಂಥ ಕಡೆ ನಗು ಬರುತ್ತದೆ, ಬರಲಿ. ಚಿತ್ರ ತೋರಿಸಿ "ನಿಮ್ಮ ಮನೆಯಲ್ಲಿ ಇದಕ್ಕೆ ಎಂತ ಹೇಳುವುದು?" ಎಂದು ಕೇಳಿದರೆ ಮೊದಲ ದಿನವೇ ಪ್ರತಿಯೊಂದು ಮಗುವಿನ ಬಾಯಿಂದ ಒಂದು ಸರಿಯುತ್ತರ ಬರುತ್ತದೆ. ತಪ್ಪಾಗಲು ಸಾಧ್ಯವೇ ಇಲ್ಲದ ಪ್ರಶ್ನೆ ಅದು.

ನನ್ನ ಆಯ್ಕೆಯಾದರೆ ಆ ದಿನದ ಮೊದಲ ಪದ 'ಮಳೆ'. ಚಿತ್ರವೂ ಬೇಡ, ಕಿಟಕಿ ಸಾಕು. ತುಳುವಿನವರು ಬರ್ಸ ಎನ್ನುತ್ತಾರೆ, ಕೊಂಕಣಿಯವರು ಪಾವ್ಸು ಎನ್ನುತ್ತಾರೆ. ಮಲಯಾಳದವರದ್ದು ನಮ್ಮ ಮಳೆಯ ಹಾಗೇ ಕೇಳುತ್ತದೆ, ಆದರೆ ನಡುವಿನ ಅಕ್ಷರ ಬೇರೆ, ನಾಲಗೆ ಇನ್ನೂ ಹಿಂದೆ ಹೋಗಬೇಕು. ಆ ಅಕ್ಷರ ಹಳಗನ್ನಡದಲ್ಲೂ ಇತ್ತು, 'ೞ' ಎಂದು ಬರೆಯುತ್ತಿದ್ದರು. ನಾವು ಬಿಟ್ಟದ್ದನ್ನು ಮಲಯಾಳದವರು ಇಟ್ಟುಕೊಂಡಿದ್ದಾರೆ. ಒಂದನೇ ಕ್ಲಾಸಿನ ಮಕ್ಕಳಿಗೆ ಇದನ್ನೆಲ್ಲ ಹೇಳಲಿಕ್ಕೆ ಹೋಗಬೇಡಿ, ಇದು ನಿಮಗೆ.

ಎರಡನೇ ದಿನಕ್ಕೆ

ಮೊದಲ ದಿನದ ಯೋಜನೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಎರಡನೇ ದಿನ ಬೆಳಗ್ಗೆ. ಮಗು ಬರಬೇಕಲ್ಲ? ಹಾಗಾಗಿ ಮೊದಲ ದಿನ ಏನನ್ನಾದರೂ ಅರ್ಧಕ್ಕೆ ನಿಲ್ಲಿಸಬೇಕು.

ಹೆಸರುಕಾಳು ಒಳ್ಳೆಯದು. ಬೆಳಗ್ಗೆ ಪ್ರತಿ ಮಗುವೂ ಹತ್ತು ಕಾಳು ಎಣಿಸಿ, ಅವರವರ ಭಾಷೆಯಲ್ಲೇ ಎಣಿಸಿ, ನೀರಿಗೆ ಹಾಕಲಿ. ಸಂಜೆ ಮನೆಗೆ ಹೊರಡುವ ಮುಂಚೆ ತೆಗೆದು ನೋಡಿದರೆ ಕಾಳು ನೀರು ಕುಡಿದು ಉಬ್ಬಿರುತ್ತದೆ, ಒಣ ಕಾಳಿನ ಪಕ್ಕ ಇಟ್ಟರೆ ವ್ಯತ್ಯಾಸ ಮಗುವಿನ ಕಣ್ಣಿಗೇ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮಗುವಿನ ಹೆಸರು ಬರೆದ ಗೆರಟೆಯಲ್ಲಿ ಇಟ್ಟು, "ನಾಳೆ ನೋಡುವ" ಎನ್ನಿ. ಮಾರನೇ ದಿನವೋ ಅದರ ಮಾರನೇ ದಿನವೋ ಬಿಳಿಯ ಬೇರು ಹೊರಗೆ ಬರುತ್ತದೆ. (ಗೆರಟೆಯಲ್ಲಿ ನೀರು ನಿಲ್ಲಬಾರದು. ಸೊಳ್ಳೆಯ ವಿಷಯ ಮೇಲೆ ಹೇಳಿದ್ದೇನೆ.)

ಇನ್ನೊಂದು ಮಳೆಮಾಪಕ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ತಲೆಕೆಳಗಾಗಿ ಬಾಯಿಗೆ ಇಡುವುದು ನಿಮಗೆ ಗೊತ್ತೇ ಉಂಟು. ಅಡಿಯ ಡೊಂಕು ಭಾಗಕ್ಕೆ ಸಣ್ಣ ಕಲ್ಲು ತುಂಬಿ, ನೇರ ಭಾಗ ಶುರುವಾಗುವ ಗೆರೆಯವರೆಗೆ ನೀರು ಹಾಕಿ, ಅಲ್ಲಿಗೆ ಸೊನ್ನೆ ಗುರುತು ಮಾಡಿ. ಕೊಯ್ಯುವ ಕೆಲಸ ನಿಮ್ಮದು, ಅಂಗಳದಲ್ಲಿ ಇಡುವ ಕೆಲಸ ಮಕ್ಕಳದ್ದು. ಮರದ ಕೆಳಗೆ, ಮಾಡಿನ ನೀರು ಬೀಳುವ ಕಡೆ ಇಡಬಾರದು. ಪ್ರತಿದಿನ ಒಂದೇ ಹೊತ್ತಿಗೆ ನೋಡಬೇಕು. ಒಂದನೇ ಕ್ಲಾಸಿನವರಿಗೆ ಮಿಲಿಮೀಟರು ಬೇಡ. ಬಾಟಲಿಯ ಪಕ್ಕ ಕಾಗದದ ಪಟ್ಟಿ ಹಿಡಿದು ನೀರಿನಷ್ಟೇ ಎತ್ತರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿದರೆ ಜೂನ್ ಕೊನೆಗೆ ಮಳೆಯ ನಕ್ಷೆ ಗೋಡೆಯಲ್ಲಿ ತಾನಾಗಿ ನಿಂತಿರುತ್ತದೆ. ಮಿಲಿಮೀಟರಿನ ಲೆಕ್ಕ ನೀವು ಮಾಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಜಾಗದಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ 3600 ಲೀಟರ್. ಒಂದನೇ ಕ್ಲಾಸಿನ ಮಾಡಿನ ಮೇಲೆ ಅಷ್ಟು ಸುರಿದ ದಿನ ಸದ್ದು ಎಷ್ಟಿರುತ್ತದೆ ಎಂದು ಈಗ ಯೋಚಿಸಿ.

ಮೂರನೆಯದು ಎತ್ತರ. ಬಾಗಿಲಿನ ಪಕ್ಕ ಗೋಡೆಯಲ್ಲಿ ಪ್ರತಿ ಮಗುವಿನ ಎತ್ತರಕ್ಕೆ ಒಂದು ಗೆರೆ, ಪಕ್ಕದಲ್ಲಿ ಹೆಸರು, ತಾರೀಕು. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ, ಮಾರ್ಚಿನಲ್ಲಿ ಇನ್ನೊಂದು ಗೆರೆ ಹಾಕುವಾಗ ಚೆನ್ನಾಗಿ ಕಾಣುತ್ತದೆ. ಬೆಳಗ್ಗೆಯೇ ಅಳೆಯಿರಿ, ಮಾರ್ಚಿನಲ್ಲೂ ಬೆಳಗ್ಗೆಯೇ. ದಿನವಿಡೀ ನಿಂತು ಕೂತು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸ್ವಲ್ಪ ಅಮುಕಿಕೊಳ್ಳುವುದರಿಂದ ಸಂಜೆಗೆ ಎಲ್ಲರೂ ಒಂದು ಸೆಂಟಿಮೀಟರಿನ ಆಸುಪಾಸು ಗಿಡ್ಡ ಆಗಿರುತ್ತೇವೆ. ಹೆಸರಿನ ಉಚ್ಚಾರವನ್ನು ಅಪ್ಪ ಅಮ್ಮನ ಹತ್ತಿರ ಕೇಳಿ ಸರಿಮಾಡಿಕೊಂಡು ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದನ್ನೂ ಕೇಳಿ. ಹಾಜರಿ ಕರೆಯುವಾಗ ತನ್ನ ಹೆಸರೇ ಅದು ಎಂದು ಗೊತ್ತಾಗದೆ ಸುಮ್ಮನೆ ಕೂತ ಮಕ್ಕಳನ್ನು ನಾನು ಕಂಡಿದ್ದೇನೆ.

ಬೆಲೂನಿನ ಬದಲು ತೆಂಗಿನ ಗರಿಯ ಪೀಪಿ ಮಾಡಿಕೊಡುತ್ತೀರಾದರೆ ನನ್ನ ಪೂರ್ಣ ಬೆಂಬಲ ಉಂಟು. ಬೆಲೂನು ಒಡೆದಾಗ ಅರ್ಧ ಕ್ಲಾಸು ಅಳುತ್ತದೆ, ಚೂರುಗಳು ಬಾಯಿಗೆ ಹೋದರೆ ಅಪಾಯ ಬೇರೆ. ಪೀಪಿಯ ಸದ್ದನ್ನು ಟೀಚರ್ ಸಹಿಸಿಕೊಳ್ಳಲಿ, ಒಂದು ದಿನ ತಾನೆ.

ಮೊದಲ ದಿನವೇ ಮಳೆ ಜೋರಾಗಿ ಕಲೆಕ್ಟರ್ ರಜೆ ಸಾರಿದರೆ ಏನು ಮಾಡುವುದು ಎಂದು ಕೇಳಬೇಡಿ. ಹೆಸರುಕಾಳು ಡಬ್ಬಿಯಲ್ಲೇ ಇರಲಿ, ಅದಕ್ಕೇನೂ ಆಗುವುದಿಲ್ಲ. ಮಳೆಮಾಪಕವನ್ನು ಮಾತ್ರ ಯಾರಾದರೂ ಮನೆ ಅಂಗಳದಲ್ಲಿ ಇಟ್ಟುಬಿಡಿ.

ಪದಗಳ ಪರೀಕ್ಷೆ ಮಾಡಿದವರು ಎರಡು ಪಟ್ಟಿಯ ಅಂಕ, ಕೂತ ದೂರ, ಮಾಡು ಹೆಂಚಿನದ್ದೋ ಶೀಟಿನದ್ದೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವಿಜ್ಞಾನ ಟೀಚರ್ ಕೈಯಲ್ಲಿ ಕೊಡಿ, ಪತ್ರಿಕೆಗೆ ಕಳಿಸುತ್ತಾರೆ. ನೀವು ತಯಾರಿಸಿದ ಹತ್ತು ಅರ್ಥವಿಲ್ಲದ ಪದಗಳನ್ನೂ ಬರೆಯಿರಿ. ಅವುಗಳಲ್ಲಿ ಎಷ್ಟಕ್ಕೆ ಯಾರ ಮನೆಯಲ್ಲಿ ಅರ್ಥ ಉಂಟು ಎಂದು ಮುಂದಿನ ಸಂಚಿಕೆಯಲ್ಲಿ ನೋಡುವ.